ಐರಿಷ್ ಅಜ್ಜ ಮಾತು ಮರೆಯದ ಚಳಿಗಾಲ

ಆಗ ನನಗೆ ಅರವತ್ತಾರು. ಏಳು ವರ್ಷದ ಹಿಂದಿನ ಮಾತು. ಮೊನ್ನೆ ನಮ್ಮ ಇಗರ್ಜಿಯ ಹಾಲ್‌ನಲ್ಲಿ ನಾಟಕದವರು ಗಡ್ಡ ಅಂಟಿಸಿಕೊಳ್ಳುತ್ತಿದ್ದರು. ಆ ಗೋಂದಿನ ವಾಸನೆ ಮೂಗಿಗೆ ಬಡಿದದ್ದೇ ಕುವೈತಿನ ಚಳಿ ನೆನಪಾಯಿತು. ಕುವೈತ್ ಎಂದರೆ ನಮ್ಮ ಊರಿನವರು ಬಿಸಿಲು, ಚಿನ್ನ, ಖರ್ಜೂರ ಅನ್ನುತ್ತಾರೆ. ನಾನು ಕಂಡದ್ದು ಹಲ್ಲು ಕಡಿಯುವ ಒಂದು ಚಳಿಗಾಲ, ಒಂದು ವಿಗ್ಗು, ಮತ್ತು ಸತ್ತು ಇನ್ನೂರು ವರ್ಷ ದಾಟಿದ ಒಬ್ಬ ಐರ್ಲೆಂಡಿನ ಮುದುಕ.

ನನ್ನ ಮಗಳು ಲವೀನಾ ಅಲ್ಲಿ ನರ್ಸು. ಎರಡನೇ ಬಾಣಂತನಕ್ಕೆ ನನ್ನನ್ನು ಕರೆಸಿಕೊಂಡಿದ್ದಳು. ಮೈದಾನ್ ಹವಲ್ಲಿಯಲ್ಲಿ ಅವಳ ಫ್ಲ್ಯಾಟು. ಕಟ್ಟಡದ ತುಂಬ ನಮ್ಮ ದೇಶದವರೇ. ಲಿಫ್ಟಿಗೆ ಕಾಲಿಟ್ಟರೆ ಯಾರ ಮನೆಯಲ್ಲಿ ಮೀನು, ಯಾರ ಮನೆಯಲ್ಲಿ ಹಿಂಗು ಎಂದು ಹೇಳಬಹುದಿತ್ತು. ಎದುರು ಬಾಗಿಲಿನವರು ಪಾಟೀಲರು, ಧಾರವಾಡದ ಕಡೆಯವರು. ಗಂಡ, ಹೆಂಡತಿ ಇಬ್ಬರೇ. ಪಾಟೀಲರಿಗೆ ಫಹಾಹೀಲಿನ ಆಚೆ ಎಣ್ಣೆಯ ಕಾರ್ಖಾನೆಯಲ್ಲಿ ಕೆಲಸ. ದೊಡ್ಡ ದೊಡ್ಡ ಯಂತ್ರಗಳ ಫೋರ್‌ಮನ್. ಬೆಳಿಗ್ಗೆ ಮಂಜು ಕವಿದ ದಾರಿಯಲ್ಲಿ ಕಾರು ಓಡಿಸಿಕೊಂಡು ಹೋಗಿ ಸಂಜೆ ಬರುತ್ತಿದ್ದರು. ಹೆಂಡತಿ ಶಾಂತಕ್ಕ. ಸ್ವರ ನೂಲಿನ ಹಾಗೆ ಸಣ್ಣ, ಮನಸ್ಸೂ ಹಾಗೆ, ಬೇಗ ಕಡಿಯುತ್ತದೆ.

ಆ ವರ್ಷ ಅಲ್ಲಿನ ಕನ್ನಡದವರ ಸಂಘದಲ್ಲಿ ನಾಟಕ. ಬರೆದವನು, ಆಡಿಸುವವನು ಉಡುಪಿಯ ಪ್ರಶಾಂತ, ಪೇಟೆಯ ನಡುವೆ ಮಿರ್ಕಾಬಿನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದವನು. ಅವನ ಮ್ಯಾನೇಜರು ಐರ್ಲೆಂಡಿನವನಂತೆ. ಚಾ ಕುಡಿಯುವಾಗ ತನ್ನ ದೇಶದ ಒಬ್ಬ ಹಳೆಯ ನಟನ ಕಥೆ ಹೇಳಿದನಂತೆ. ಇವನಿಗೆ ಹುಚ್ಚು ಹಿಡಿಯಿತು. ಮುಖ್ಯ ವೇಷ ಪಾಟೀಲರಿಗೆ ಕೊಟ್ಟ. ಪಾಟೀಲರು ಹುಡುಗನಾಗಿದ್ದಾಗ ಊರಿನಲ್ಲಿ ಬಣ್ಣ ಹಚ್ಚಿದವರು. ಗಂಟಲು ಇತ್ತು, ಎತ್ತರ ಇತ್ತು. ತಲೆಯಲ್ಲಿ ಕೂದಲು ಇರಲಿಲ್ಲ. ಅದಕ್ಕೆ ವಿಗ್ಗು ತಂದರು.

ನಾಟಕ ಎಂದರೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವವಳಲ್ಲ. ಆದರೆ ಒಂದು ಸಂಜೆ ಪಾಟೀಲರು, ಪ್ರಶಾಂತ ನಮ್ಮಲ್ಲಿ ಕೂತು ಈ ಮುದುಕನ ಕಥೆ ಹೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಅವನ ಹೆಸರು ನನ್ನ ನಾಲಿಗೆಯಲ್ಲಿ ಹೊರಳಲಿಲ್ಲ. ಐರಿಷ್ ಅಜ್ಜ ಎಂದೇ ಕರೆದೆ. ಬಡವರ ಮನೆಯವನು. ನಟನಾಗಲು ಸಮುದ್ರ ದಾಟಿ ಲಂಡನಿಗೆ ಹೋದ. ಅಲ್ಲಿ ತನ್ನ ಉದ್ದದ ಹೆಸರನ್ನು ಕತ್ತರಿಸಿ ಸಣ್ಣದು ಮಾಡಿಕೊಂಡ.

"ಎಂತಕ್ಕೆ ಕತ್ತರಿಸಿದ್ದು?" ಎಂದು ಕೇಳಿದೆ.

"ಲಂಡನ್ ಮಂದಿ ಬಾಯಾಗ ಹೊಳ್ಳತಿರಲಿಲ್ರಿ ಅಕ್ಕಾರ," ಎಂದರು ಪಾಟೀಲರು.

"ಅವರ ನಾಲಿಗೆ ಸರಿ ಇಲ್ಲದಿದ್ರೆ ಇವ ಹೆಸರು ಕತ್ತರಿಸ್ಬೇಕಾ?"

"ಮತ್ತ ನಾ ಏನ್ ಮಾಡೀನ್ರಿ ಇಲ್ಲಿ? ಪಾಟೀಲ ಹೋಗಿ ಬಾಟೀಲ ಆಗೇನಿ."

ಅದು ನಿಜ. ಅರಬರಿಗೆ ಪಕಾರ ಬರುವುದಿಲ್ಲ. ಕಟ್ಟಡದ ಕಾವಲಿನ ಈಜಿಪ್ಟಿನವನು ದಿನಾ ಇವರ ಬೆನ್ನಿಗೆ "ಬಾಟೀಲ್! ಯಾ ಬಾಟೀಲ್!" ಎಂದು ಕೂಗುತ್ತಿದ್ದ. ಇವರು ತಿರುಗದೆ ಲಿಫ್ಟಿಗೆ ನಡೆದುಬಿಡುತ್ತಿದ್ದರು. ಹೆಸರು ಕೆಡಿಸಿದ ಸಿಟ್ಟು ಎಂದುಕೊಂಡೆ. ಗತ್ತಿನ ಮನುಷ್ಯ.

ಐರಿಷ್ ಅಜ್ಜ ಒಂದು ಕೊಲೆಯನ್ನೂ ಮಾಡಿದ್ದ. ಅದು ಒಂದು ವಿಗ್ಗಿಗಾಗಿ. ವೇಷ ಹಾಕುವ ಕೋಣೆಯಲ್ಲಿ ಜೊತೆಯ ನಟನೊಬ್ಬ ಇವನ ವಿಗ್ಗು ಹಾಕಿಕೊಂಡು ಕೂತಿದ್ದನಂತೆ. ಕೊಡು, ಕೊಡುವುದಿಲ್ಲ, ಬೈಗುಳ. ಇವನ ಕೈಯ ಕೋಲು ಅವನ ಕಣ್ಣಿಗೆ ಹೋಯಿತು. ಮನುಷ್ಯ ಸತ್ತ.

"ಗಲ್ಲಿಗೆ ಹಾಕಿದ್ರಾ?"

"ಇಲ್ರಿ. ಬೇಕಂತ ಮಾಡಿದ್ದಲ್ಲ ಅಂತ ಕೋರ್ಟಿನ್ಯಾಗ ತಾನ ವಾದ ಮಾಡಿ ಪಾರಾದ. ಮುಂದ ಐವತ್ತು ವರ್ಷ ನಾಟಕ ಆಡಿದ."

"ಸತ್ತವನ ಹೆಂಡತಿ ಎಂತ ಮಾಡಿದ್ಳು?"

ಪಾಟೀಲರು ಪ್ರಶಾಂತನ ಮುಖ ನೋಡಿದರು. ಪ್ರಶಾಂತ ಹೇಳಿದ, "ಅದು ಪುಸ್ತಕದಲ್ಲಿ ಇಲ್ಲ ಆಂಟಿ."

"ಹಾಗಾದ್ರೆ ಅದು ಎಂತ ಪುಸ್ತಕ?"

ಅವನು ನಕ್ಕ. ನಾನು ನಗಲಿಲ್ಲ. ನನಗೆ ನಿಜವಾಗಿ ತಿಳಿಯಬೇಕಿತ್ತು. ಮಗುವಿಗೆ ಎಣ್ಣೆ ಹಚ್ಚುವಾಗ ಅದೇ ಯೋಚನೆ. ಒಬ್ಬನನ್ನು ಕೊಂದ ಕೈ ಎತ್ತಿ ಅವನು ಮಾತಾಡುವಾಗ ಜನ ಹೇಗೆ ಚಪ್ಪಾಳೆ ಹೊಡೆದರು? ಅವರು ಮರೆತರೋ, ಅದನ್ನು ನೋಡಲಿಕ್ಕೇ ಬಂದರೋ? ಆ ಅಜ್ಜನೇ ನಾಟಕಗಳನ್ನೂ ಬರೆದ, ನಗಿಸುವ ನಾಟಕಗಳಂತೆ. ಬೇರೆಯವರಿಗೆ ಪಾಠವನ್ನೂ ಮಾಡಿದ. ಆಗಿನ ನಟರು ಮಾತನ್ನು ಹಾಡಿನ ಹಾಗೆ ಎಳೆಯುತ್ತಿದ್ದರಂತೆ. ಮನುಷ್ಯರು ಮಾತಾಡುವ ಹಾಗೆ ಆಡಿ ಎಂದು ಅವನು ಕಲಿಸಿದನಂತೆ. ಬಾಳಿದ್ದು ನೂರರ ಹತ್ತಿರ. ಕೊನೆಗೊಮ್ಮೆ ತನ್ನ ಹಳೆಯ ವೇಷ ಹಾಕಿ ರಂಗಕ್ಕೆ ಬಂದ; ಮಾತು ಮರೆತುಹೋಯಿತು. ಜನರ ಹತ್ತಿರ ಕ್ಷಮೆ ಕೇಳಿ ಒಳಗೆ ಹೋದ. ಮತ್ತೆ ಆಡಲಿಲ್ಲ. ಪ್ರಶಾಂತನ ನಾಟಕ ಮುಗಿಯುವುದೂ ಅಲ್ಲೇ.

ತಾಪತ್ರಯ ಸುರುವಾದದ್ದೂ ಅಲ್ಲೇ. ಒಂದು ದಿನ ಶಾಂತಕ್ಕ ನಮ್ಮ ಅಡಿಗೆಮನೆಗೆ ಬಂದು ಕೂತರು. ಕಣ್ಣು ಕೆಂಪು.

"ಬಾಯಮ್ಮಾರ, ಇವ್ರು ಖರೇನ ಮರೀತಾರೋ, ನಾಟಕದ ಸಲುವಾಗಿ ಮರೆಯೂದನ್ನ ಪ್ರಾಕ್ಟೀಸ್ ಮಾಡ್ತಾರೋ, ನನಗೊಂದೂ ತಿಳೀವಲ್ದು."

"ಎಂತ ಮರ್ತದ್ದು?"

"ಮೊಸರು ತರ್ರಿ ಅಂತೀನಿ, ಹೂಂ ಅಂತಾರ, ಬರೇ ಕೈಲೆ ಬರ್ತಾರ. ಮಗಳು ಫೋನ್ ಮಾಡಿದ್ಲು ಅಂತ ಹೇಳಿದ್ರ, ಮರುದಿನ ಆಕೀ ಫೋನ್ ಯಾಕ ಬಂದಿಲ್ಲ ಅಂತ ಕೇಳ್ತಾರ. ನಮ್ಮಪ್ಪಗೂ ಹಿಂಗ ಸುರು ಆಗಿತ್ರೀ. ಕಡೀಕ ನನ್ನ ಹೆಸರೂ ಗೊತ್ತಿರಲಿಲ್ಲ ಅಂವಗ."

ಅವರ ಹೆದರಿಕೆ ಬರೀ ಮೊಸರಿನದ್ದಲ್ಲ. ಪಾಟೀಲರ ಕೆಲಸ ಎಣ್ಣೆ, ಬೆಂಕಿ, ಯಂತ್ರಗಳ ನಡುವೆ. ಅಲ್ಲಿ ಒಂದು ಹಿಡಿ ತಿರುಗಿಸಲು ಮರೆತರೆ ಎಷ್ಟು ಜನ ಹೋಗುತ್ತಾರೋ. ಪಾಟೀಲರಿಗೋ ಆ ಕೆಲಸವೇ ಜೀವ. ಇಕಾಮಾ, ಎಂದರೆ ಅಲ್ಲಿ ಇರಲು ಕೊಡುವ ಪರವಾನಿಗೆ, ಮತ್ತೆ ಮಾಡಿಸುವ ಸಮಯ ಹತ್ತಿರ ಬಂದಿತ್ತು. ಇನ್ನೂ ಎರಡು ವರ್ಷ ದುಡಿಯುತ್ತೇನೆ ಎಂದು ಅವರು, ಸಾಕು, ಕೆಲಸ ಬಿಡಿ, ಹೊರಡೋಣ ಎಂದು ಇವರು. ಜಗಳ ಆಡಿ ಆಡಿ ಒಂದು ಒಪ್ಪಂದಕ್ಕೆ ಬಂದಿದ್ದರು. ನಾಟಕದ ದಿನ ಪಾಟೀಲರು ಎಲ್ಲಾದರೂ ಮಾತು ಮರೆತು ನಿಂತರೆ, ಮರುದಿನ ಬೆಳಿಗ್ಗೆ ಕೆಲಸ ಬಿಡುತ್ತೇನೆಂದು ಬರೆದು ಕೊಡಬೇಕು. ಮರೆಯದಿದ್ದರೆ ಶಾಂತಕ್ಕ ಬಾಯಿ ಮುಚ್ಚಬೇಕು.

"ನಾಟಕದಲ್ಲೇ ಮರೆಯುವುದು ಉಂಟಲ್ಲ?" ಎಂದೆ.

"ಬರದದ್ದು ಲೆಕ್ಕಕ್ಕಿಲ್ರಿ. ಬರೀದೇ ಇರೂದು ಲೆಕ್ಕ."

ಒಳ್ಳೆಯ ಲೆಕ್ಕ ಎಂದುಕೊಂಡೆ.

ಶಾಂತಕ್ಕನ ಹತ್ತಿರ ಮಾತು ಒಪ್ಪಿಸಲು ಪಾಟೀಲರಿಗೆ ಆಗುತ್ತಿರಲಿಲ್ಲ. ಒಂದು ಅಕ್ಷರ ತಪ್ಪಿದರೂ ಆ ಹೆಂಗಸು ಅಳಲು ಸುರು ಮಾಡುತ್ತಿದ್ದರು. ಅದಕ್ಕೆ ಸಂಜೆ ನಮ್ಮಲ್ಲಿಗೆ ಬರತೊಡಗಿದರು. ನಾನು ಮೂರನೇ ಕ್ಲಾಸು. ಕಾಗದ ನೋಡಿ ಹೇಳಿಕೊಡುವ ಹೊತ್ತಿಗೆ ಮಗು ಎರಡು ಸಲ ಎದ್ದು ಮಲಗಬೇಕು. ಹಾಗಾಗಿ ಲವೀನಾ ಓದಿದಳು, ನಾನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡೆ. ಆಮೇಲೆ ತೇರ್ಸಿನ ಕ್ರಮದಲ್ಲಿ ಹೇಳಿಸಿದೆ. ತೇರ್ಸ್ ಎಂದರೆ ನಮ್ಮ ಸಂಜೆಯ ಜಪಮಾಲೆ. ಒಬ್ಬರು ಪ್ರಾರ್ಥನೆಯ ಅರ್ಧ ಹೇಳಿ ನಿಲ್ಲಿಸಬೇಕು, ಉಳಿದವರು ಮಿಕ್ಕ ಅರ್ಧ ಹೇಳಬೇಕು. ಹುಟ್ಟಿದಾಗಿನಿಂದ ಹೇಳಿದವರಿಗೆ ಅರ್ಧ ಕೇಳಿದರೆ ಉಳಿದರ್ಧ ತಡೆಯಲು ಆಗುವುದಿಲ್ಲ. ಆಕಳಿಕೆ ಬಂದ ಹಾಗೆ ಬರುತ್ತದೆ.

ಕೊನೆಯ ದೃಶ್ಯದ ಮಾತಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು.

"ನೀವು ಬಾಗಿಲು ಹಾಕಿದಿರಿ," ಎಂದು ನಾನು.

"ನಾನು ಕಿಟಕಿಯಲ್ಲಿ ನಿಂತೆ," ಎಂದು ಪಾಟೀಲರು.

"ನೀವು ದೀಪ ಆರಿಸಿದಿರಿ."

"ನಾನು ಕತ್ತಲಲ್ಲಿ ಮಾತಾಡಿದೆ."

"ನೀವು ನನ್ನ ಹೆಸರು ತುಂಡರಿಸಿದಿರಿ."

"ನಾನು ಉಳಿದ ತುಂಡಿಗೇ ಓಗೊಟ್ಟೆ."

ಹೀಗೆ ಉದ್ದಕ್ಕೆ ಹೋಗುತ್ತದೆ. ನಾಟಕದಲ್ಲಿ ಎರಡೂ ಅರ್ಧ ಅವರೇ ಹೇಳಬೇಕು. ದೀಪ ಆರಿಸಿದಿರಿ ಎಂಬಲ್ಲಿ ಮರೆತು ನಿಲ್ಲಬೇಕು. ಮತ್ತೆ ಮುಂದಿನದ್ದು ಕಲಿಯುವುದು ಯಾಕೆ ಎಂದು ಕೇಳಿದೆ.

"ಅಕ್ಕಾರ, ಗೊತ್ತಿದ್ದದ್ದನ್ನ ಮರೀಬಹುದು. ಗೊತ್ತಿಲ್ಲದ್ದನ್ನ ಹೆಂಗ ಮರೀಲಿ?"

ಆ ಮಾತು ನನಗೆ ಹಿಡಿಸಿತು. ಕಲಿಸಿದೆ. ಒಂದು ಕುರ್ಚಿಯಲ್ಲಿ ಅವರು, ಎದುರು ನಾನು, ನಡುವೆ ಮಗುವಿನ ತೊಟ್ಟಿಲು. ನನ್ನ ಗಂಟಲು ಸಣ್ಣದಲ್ಲ. ನಾನು ತೇರ್ಸ್ ಹೇಳಿದರೆ ಕೆಳಗಿನ ಮಲಯಾಳಿಗಳೂ ಎದ್ದು ಕೂರಬೇಕು. ಪಾಟೀಲರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮುಂದಿನ ಹಲ್ಲು ಎರಡು ಹೋಗಿದ್ದವು, ಅದನ್ನು ನೋಡುತ್ತಾರೆ ಎಂದು ನನಗೆ ಸಿಟ್ಟು. ಆದರೆ ಒಂದು ದಿನವೂ ಅವರು ಒಂದು ಮಾತು ಮರೆಯಲಿಲ್ಲ. ಇದೇ ನನಗೆ ಸೋಜಿಗ. ಈ ಮನುಷ್ಯ ಮರೆಯುವವನಾದರೆ ನನ್ನ ಹತ್ತಿರ ಯಾಕೆ ಮರೆಯುವುದಿಲ್ಲ?

ಸಂಘದ ರಿಹರ್ಸಲಿನಲ್ಲಿ ಕಥೆಯೇ ಬೇರೆ. ಒಂದು ವಾರ ಮಳೆ ಹೊಡೆದು ರಸ್ತೆಗಳು ಕೆರೆಯಾದವು. ಅದು ಬಿಟ್ಟ ಮೇಲೆ ನಾನೂ ಒಂದು ಸಲ ಶಾಂತಕ್ಕನ ಜೊತೆ ನೋಡಲು ಹೋದೆ. ಅಲ್ಲಿ ಒಂದು ತಮಾಷೆ ಆಗಿತ್ತು. ವೇಷ ಹಾಕುವ ಕೋಣೆಗೆ ಇಂಗ್ಲಿಷಿನಲ್ಲಿ ಗ್ರೀನ್ ರೂಮ್ ಅನ್ನುತ್ತಾರಲ್ಲ, ಪ್ರಶಾಂತ ಅದನ್ನು ಹಸಿರು ಕೋಣೆ ಎಂದು ಬರೆದಿದ್ದ. ಪರದೆಯವನು ಕೊಲೆ ನಡೆಯುವ ಕೋಣೆಗೆ ಗಿಳಿಯ ಹಸಿರು ಬಳಿದು ನಿಲ್ಲಿಸಿದ್ದ. ಪ್ರಶಾಂತ ತಲೆಗೆ ಕೈ ಹೊತ್ತು ಕೂತಿದ್ದ.

"ಇರಲಿ ಬಿಡು," ಎಂದೆ. "ರಕ್ತ ಚೆಂದ ಕಾಣ್ತದೆ."

"ನೀವು ಬೇರೆ ಆಂಟಿ! ಪಾಟೀಲ್ ಸರ್ ಡೈಲಾಗ್ ಎಲ್ಲ ತೇರ್ಸಿನ ರಾಗದಲ್ಲಿ ಬರ್ತಾ ಉಂಟು. ಆ ಅಜ್ಜ ಜೀವಮಾನ ಇಡೀ ರಾಗ ಎಳಿಬೇಡಿ ಅಂತ ಹೇಳಿದವ!"

ಪಾಟೀಲರು ಅಂದು ನಾಲ್ಕಾರು ಕಡೆ ನಿಂತರು. ಹುಡುಗರು ಎ.ಸಿ.ಯ ಗುಂಯ್ ನಡುವೆ ಮೆಲ್ಲಗೆ ಮಾತು ಹೇಳಿ ಇವರ ಉತ್ತರಕ್ಕೆ ಕಾಯುತ್ತಿದ್ದರು. ಇವರು ಎಲ್ಲೋ ನೋಡುತ್ತ ನಿಂತಿರುತ್ತಿದ್ದರು. ಯಾರಾದರೂ ಕೈ ಮಾಡಿದರೆ ಸುರು ಮಾಡುತ್ತಿದ್ದರು. ಪ್ರತಿ ಸಲವೂ ಶಾಂತಕ್ಕ ನನ್ನ ಮೊಣಕೈ ಚಿವುಟುತ್ತಿದ್ದರು. ಮನೆಗೆ ಬರುವಾಗ ನನ್ನ ಕೈ ನೀಲಿ.

ನಾಟಕ ಒಂದು ಶುಕ್ರವಾರ ಸಂಜೆ, ಬಾಡಿಗೆಗೆ ಹಿಡಿದ ಶಾಲೆಯ ಹಾಲ್‌ನಲ್ಲಿ. ಜನ ತುಂಬಿದ್ದರು. ಬಿರಿಯಾನಿ ಉಂಟು ಎಂದು ಮೊದಲೇ ಹೇಳಿದ್ದರು. ನಾನು, ಶಾಂತಕ್ಕ ಮೂರನೇ ಸಾಲಿನಲ್ಲಿ ಕೂತೆವು. ಗೋಂದು ಹಚ್ಚಿ ವಿಗ್ಗು ಕೂರಿಸಿಕೊಂಡ ಪಾಟೀಲರನ್ನು ನೋಡಿದರೆ ಗುರುತೇ ಇಲ್ಲ. ಹೆಸರು ಕತ್ತರಿಸಿಕೊಂಡ ದೃಶ್ಯ ಚೆನ್ನಾಗಿ ಆಯಿತು. ಅದರಲ್ಲಿ ಎಲ್ಲರೂ ಎದುರೆದುರು ಕೂತು ಮಾತಾಡುವುದು. ಕೊಲೆ ಇನ್ನೂ ಚೆನ್ನಾಗಿ ಆಯಿತು. ಗಿಳಿ ಹಸಿರಿನ ಗೋಡೆಗೆ ಒರಗಿ ಸತ್ತವನು ಬಿದ್ದಾಗ ಹಿಂದೆ ಒಂದು ಮಗು ಅತ್ತಿತು. ನನಗೆ ಮತ್ತೆ ಅವನ ಹೆಂಡತಿಯ ಯೋಚನೆ. ಶಾಂತಕ್ಕ ಮಾತ್ರ ನಾಟಕವನ್ನೇ ನೋಡುತ್ತಿರಲಿಲ್ಲ, ಗಂಡನ ತುಟಿ ನೋಡುತ್ತಿದ್ದರು.

ಕೊನೆಯ ದೃಶ್ಯ ಬಂತು. ಮುದುಕನಾದ ಐರಿಷ್ ಅಜ್ಜ ಜನರ ಕಡೆ ಮುಖ ಮಾಡಿ ನಿಂತಿದ್ದಾನೆ. ಬೆನ್ನ ಹಿಂದೆ ಶಿಷ್ಯನ ವೇಷದಲ್ಲಿ ಪ್ರಶಾಂತ ಬಂದು ಮೆಲ್ಲಗೆ, "ಗುರುಗಳೇ, ಜನ ಕಾಯುತ್ತಿದ್ದಾರೆ," ಎಂದ. ಇವರು ಸುರು ಮಾಡಬೇಕು.

ಸುರು ಮಾಡಲಿಲ್ಲ.

ಪ್ರಶಾಂತ ಇನ್ನೊಮ್ಮೆ ಹೇಳಿದ. ಪಾಟೀಲರು ನಿಂತೇ ಇದ್ದರು. ಬಾಯಲ್ಲಿ ಒಂದು ಮಾತೂ ಬರುವ ಮೊದಲೇ ಮರೆಯುವುದು ಪುಸ್ತಕದಲ್ಲಿ ಇರಲಿಲ್ಲ. ಅದು ನನಗೆ ಗೊತ್ತು, ಶಾಂತಕ್ಕನಿಗೆ ಗೊತ್ತು. ಅವರ ಕೈ ನನ್ನ ಕೈಯ ಮೇಲೆ ಬಿತ್ತು, ಮಂಜುಗಡ್ಡೆ. "ಆತು ಬಾಯಮ್ಮಾರ," ಎಂದರು, "ಎಲ್ಲಾ ಆತು."

ಆಮೇಲೆ ಆದದ್ದು ನಾನು ಯೋಚಿಸಿ ಮಾಡಿದ್ದಲ್ಲ. ತೇರ್ಸಿನಲ್ಲಿ ಯಾರೂ ಹೇಳದೆ ಸುಮ್ಮನೆ ಕೂತರೆ ಹಿರಿಯಳು ಎತ್ತಿಕೊಳ್ಳಬೇಕು, ಅದು ಕ್ರಮ. ನನ್ನ ಬಾಯಿ ತಾನಾಗಿ ತೆರೆಯಿತು.

"ನೀವು ಬಾಗಿಲು ಹಾಕಿದಿರಿ!"

ಪಾಟೀಲರ ತಲೆ ನನ್ನ ಕಡೆ ತಿರುಗಿತು. "ನಾನು ಕಿಟಕಿಯಲ್ಲಿ ನಿಂತೆ!" ಎಂದರು, ಹಾಲ್ ನಡುಗುವ ಹಾಗೆ. ಹೇಳಿ, ಅಭ್ಯಾಸದಂತೆ ನಿಲ್ಲಿಸಿ ನನ್ನ ಬಾಯಿ ನೋಡಿದರು.

"ನೀವು ದೀಪ ಆರಿಸಿದಿರಿ!"

"ನಾನು ಕತ್ತಲಲ್ಲಿ ಮಾತಾಡಿದೆ!"

ಮರೆಯಬೇಕಾದ ಜಾಗ ದಾಟಿಹೋಯಿತು. ಪ್ರಶಾಂತ ಹಿಂದಿನಿಂದ ಅವರ ಕೋಟು ಎಳೆದ. ಯಾರು ಕೇಳುತ್ತಾರೆ? ನಾನು ಅರ್ಧ, ಅವರು ಅರ್ಧ, ಕೊನೆಯ ತನಕ ಹೋದೆವು. ನಮ್ಮ ಮಂಗಳೂರಿನ ಕಡೆಯ ಕೆಲವು ಹೆಂಗಸರು ಅಭ್ಯಾಸಬಲದಿಂದ "ಆಮೆನ್" ಎಂದರು. ಜನ ಎದ್ದು ನಿಂತು ಚಪ್ಪಾಳೆ. ಐರಿಷ್ ಅಜ್ಜ ಕ್ಷಮೆ ಕೇಳಲಿಲ್ಲ, ಒಂದಕ್ಷರ ಮರೆಯಲಿಲ್ಲ, ನಾಟಕ ಮುಗಿಯಿತು.

ಪ್ರಶಾಂತ ಬಿರಿಯಾನಿಯ ಸಾಲಿನಲ್ಲಿ ನನ್ನನ್ನು ಹಿಡಿದ. "ಖಲಾಸ್ ಆಂಟಿ! ನನ್ನ ಕ್ಲೈಮ್ಯಾಕ್ಸ್ ಖಲಾಸ್! ಅವ ಮರ್ತದ್ದು ಚರಿತ್ರೆ ಮಾರಾಯ್ರೆ! ನೀವು ಚರಿತ್ರೆಯನ್ನೇ ತಿದ್ದಿಬಿಟ್ರಿ!"

"ಅವನಿಗೆ ಹೇಳಿಕೊಡಲು ಒಬ್ಬಳು ಇದ್ದಿದ್ರೆ ಅವನೂ ಮರೀತಿರಲಿಲ್ಲ," ಎಂದೆ. "ಸಾರು ಹಾಕು."

ಆದರೆ ಪಾಟೀಲರ ಮುಖ ಸತ್ತಿತ್ತು. ಶಾಂತಕ್ಕನದ್ದೂ. ಊರಿನವರೆಲ್ಲ ಹೊಗಳಿದರೂ ಅವರ ಲೆಕ್ಕ ಅವರಿಗೆ ಗೊತ್ತಿತ್ತು. ಬರೆಯದ ಕಡೆ ಅವರು ನಿಂತಿದ್ದರು. ಕಾರಿನ ಹತ್ತಿರ ಪಾಟೀಲರು ಹೆಂಡತಿಗೆ, "ಮಾತಂದ್ರ ಮಾತು. ನಾಳೆ ಮುಂಜಾನೆ ಬರದ ಕೊಡ್ತೀನಿ," ಎಂದದ್ದು ನಾನು ಕೇಳಿದೆ. ಶಾಂತಕ್ಕ ಗೆದ್ದವರ ಹಾಗೆ ಕಾಣಲಿಲ್ಲ.

ಅವರು ಮುಂದೆ, ನಾನು ಹಿಂದಿನ ಸೀಟಿನಲ್ಲಿ. ಗಾಜು ಇಳಿದಿತ್ತು, ಚಳಿ ಗಾಳಿ ಕಿವಿಗೆ ಹೊಡೆಯುತ್ತಿತ್ತು.

"ಪಾಟೀಲರೇ, ಗಾಜು ಏರಿಸಿ," ಎಂದೆ.

ಏರಿಸಲಿಲ್ಲ. ಬೇಸರದಲ್ಲಿದ್ದಾರೆ ಎಂದು ಇನ್ನೊಮ್ಮೆ ಹೇಳಿದೆ. ಇಲ್ಲ. ಶಾಂತಕ್ಕ ಅವರ ತೋಳು ಮುಟ್ಟಿ ಗಾಜು ತೋರಿಸಿದರು. ಕೂಡಲೇ ಏರಿಸಿ, "ಚಳಿ ಐತಿ ಅಂತ ಮೊದಲ ಹೇಳಬಾರದೇನ್ರಿ ಅಕ್ಕಾರ?" ಎಂದರು.

ನಾನು ಅವರ ತಲೆಯ ಹಿಂಭಾಗ ನೋಡುತ್ತ ಕೂತೆ. ವಿಗ್ಗಿನ ಗೋಂದು ಕಿವಿಯ ಹಿಂದೆ ಇನ್ನೂ ಅಂಟಿತ್ತು. ಪ್ರಶಾಂತ ನಿಂತದ್ದು ಹಿಂದೆ. ನಾನು ಕೂಗಿದ್ದು ಮುಂದಿನಿಂದ. ಮೊಸರು ತನ್ನಿ ಎಂದು ಶಾಂತಕ್ಕ ಆ ನೂಲಿನ ಸ್ವರದಲ್ಲಿ ಹೇಳುವುದು ಅಡಿಗೆಮನೆಯ ಒಳಗಿನಿಂದ. ಮುಂದಿನ ದೀಪದ ಕಂಬದ ತನಕ ಅಷ್ಟು ಯೋಚಿಸಿದೆ. ಆಮೇಲೆ ಯೋಚಿಸುವುದಕ್ಕಿಂತ ನೋಡಿಯೇ ಬಿಡೋಣ ಎನಿಸಿತು.

ಮರುದಿನ ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸಿ ಲವೀನಾಳ ಮಗ್ಗುಲಲ್ಲಿ ಮಲಗಿಸಿ ಎದುರು ಮನೆಗೆ ಹೋದೆ. ಪಾಟೀಲರು ಕಿಟಕಿಯ ಕಡೆ ಮುಖ ಮಾಡಿ ಮೇಜಿನ ಎದುರು ಕೂತಿದ್ದರು. ಮುಂದೆ ಬಿಳಿ ಕಾಗದ, ಕೈಯಲ್ಲಿ ಪೆನ್ನು, ಏನೂ ಬರೆದಿರಲಿಲ್ಲ. ಶಾಂತಕ್ಕ ಬಾಗಿಲಲ್ಲೇ ನನ್ನ ಕೈ ಹಿಡಿದರು. ಸುಮ್ಮನಿರಿ ಎಂದು ಸನ್ನೆ ಮಾಡಿ ಅವರನ್ನು ಎಳೆದುಕೊಂಡು ಪಾಟೀಲರ ಕುರ್ಚಿಯ ಹಿಂದೆ ನಿಂತೆ. ಮನೆಯಲ್ಲಿ ಎಲ್ಲರೂ ಮಾತಾಡುವ ಸ್ವರದಲ್ಲಿ ಹೇಳಿದೆ:

"ಪಾಟೀಲರೇ, ನಿಮ್ಮ ಹಾಗಿನ ಕೆಟ್ಟ ನಟನನ್ನು ನಾನು ನೋಡಿಲ್ಲ. ವಿಗ್ಗು ಹಾಕಿದ ಕುಂಬಳಕಾಯಿಯ ಹಾಗಿದ್ರಿ."

ಪಾಟೀಲರು ಪೆನ್ನಿನ ಟೊಪ್ಪಿ ತೆಗೆದರು, ಹಾಕಿದರು.

ಶಾಂತಕ್ಕ ನನ್ನ ಮುಖ ನೋಡಿದರು. ಆಮೇಲೆ ತಾವೇ ಒಂದು ಹೆಜ್ಜೆ ಮುಂದೆ ಹೋಗಿ, "ಏನ್ರೀ," ಎಂದರು. "ಏನ್ರೀ, ಇಲ್ಲೇ ಅದೀನಿ." ಗಂಡ ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕೂತರು. ಅತ್ತರೋ ನಕ್ಕರೋ ನೋಡಲು ನನಗೆ ಪುರುಸೊತ್ತಿರಲಿಲ್ಲ.

ನಾನು ಸುತ್ತಿ ಬಂದು ಪಾಟೀಲರ ಎದುರು ನಿಂತೆ. ಅವರು ಬೆಚ್ಚಿಬಿದ್ದು, "ಯಾವಾಗ ಬಂದ್ರೀ ಅಕ್ಕಾರ?" ಎಂದರು. ಬಾಯಲ್ಲಿ ಹೇಳಿದರೆ ಈ ಮನುಷ್ಯ ಮಧ್ಯಾಹ್ನದ ತನಕ ವಾದ ಮಾಡುತ್ತಾರೆ. ಅದಕ್ಕೆ ಅವರ ಕೈಯಿಂದ ಪೆನ್ನು ಕಿತ್ತುಕೊಂಡೆ, ಕಾಗದ ನನ್ನ ಕಡೆ ತಿರುಗಿಸಿದೆ, ಮೇಜಿಗೆ ಬಾಗಿ ದೊಡ್ಡದಾಗಿ ಎರಡೇ ಅಕ್ಷರ ಬರೆದೆ: ಕಿವಿ.